ಕೂರುವ ಬಟ್ಟೆಗೆ ಗಿಡ್ಡ ಎಳೆಯ ಹತ್ತಿಯೇ ಸಾಕು

ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಲ್ಲಿ ಕಳೆದ ಬೇಸಿಗೆ ಒಬ್ಬ ರೈತರ ಮನೆಗೆ ಹೋಗಿದ್ದೆ. ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಮನೆ, ಮುಂದೆ ಐದಾರು ವರ್ಷದ ಹಿಂದೆ ಕಟ್ಟಿಸಿದ ತಾರಸಿ ಮನೆ. ಗೃಹಪ್ರವೇಶಕ್ಕೆಂದು ಕೊಂಡ ಸೋಫಾ ನಡುಮನೆಯಲ್ಲಿತ್ತು. ಕೂರುವ ಜಾಗದ ರೆಕ್ಸಿನ್ ಹಾವಿನ ಪೊರೆಯಂತೆ ಸುಲಿದು ಬರುತ್ತಿತ್ತು. ಒರಗುವ ಭಾಗಕ್ಕೆ ಅಂಗಡಿಯಿಂದ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಮಾತ್ರ ಇನ್ನೂ ಹಾಗೆಯೇ ಇತ್ತು. ಮನೆಯ ಅಜ್ಜಿ ಜಗಲಿಯ ಕಲ್ಲಿನ ಮೇಲೆ ಕೂತಿದ್ದರು. ಒಳಗೆ ಬಂದು ಕೂರಬಾರದೇ ಎಂದದ್ದಕ್ಕೆ, "ಅದ್ರ ಮೇಲೆ ಕೂತ್ಕಂಡ್ರೆ ಬೆನ್ನೆಲ್ಲ ಬೆಂದೋಯ್ತದೆ ಕಣಪ್ಪ. ನಿಮ್ಮ ತಾತಂದು ಆರಾಮ ಕುರ್ಚಿ ಅಟ್ಟದ ಮೇಲದೆ, ಬಟ್ಟೆ ಹರ್ದೋಗದೆ. ಅದ್ಕೊಂದು ಬಟ್ಟೆ ಹಾಕ್ಸಿ ಅಂತ ಹೇಳಿ ಹೇಳಿ ಸಾಕಾಯ್ತು" ಎಂದರು.

ಸೊಸೆ ಒಳಗಿನಿಂದ ಅಂಗೈ ಅಗಲದ ಒಂದು ತುಂಡು ಬಟ್ಟೆ ತಂದರು. ಬೆಂಗಳೂರಿನ ಅಂಗಡಿಯೊಂದು ಮಾದರಿಗೆಂದು ಕೊಟ್ಟದ್ದು. "ಸಾವಯವ ಹತ್ತಿ, ಪರಿಸರಸ್ನೇಹಿ" ಎಂದು ಚೀಟಿ ಅಂಟಿಸಿತ್ತು. ಬೆಲೆ ಮಾಮೂಲಿ ಸೋಫಾ ಬಟ್ಟೆಯ ಮೂರರಷ್ಟು. "ಅಣ್ಣಾ, ನೀವು ಪೇಪರಿಗೆ ಬರೀತೀರಲ್ಲ, ಇದನ್ನ ತಗೊಳ್ಳಬೋದಾ?" ಎಂದು ಕೇಳಿದರು.

ಕೃಷಿ ಪುಟದಲ್ಲಿ ಸೋಫಾ ಬಟ್ಟೆಯ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಬಟ್ಟೆಯೂ ಹೊಲದ ಬೆಳೆಯೇ. ಈಗ ಹಳ್ಳಿಗಳಲ್ಲಿ ಸೋಫಾ ಇಲ್ಲದ ಹೊಸ ಮನೆ ಕಡಿಮೆ. ಕೂರುವುದಕ್ಕೆ ಏನು ಹೊದಿಸುತ್ತೇವೆ ಎನ್ನುವುದು ಎಲ್ಲೋ ಒಬ್ಬ ರೈತ ಏನು ಬಿತ್ತುತ್ತಾನೆ ಎನ್ನುವುದನ್ನೂ ನಿರ್ಧರಿಸುತ್ತದೆ. ಆ ಮಾತನ್ನು ಮುಂದೆ ಹೇಳುತ್ತೇನೆ. ಮೊದಲು ನಾನೇ ಕೈ ಸುಟ್ಟುಕೊಂಡ ಕತೆ.

ಏಳೆಂಟು ವರ್ಷದ ಹಿಂದೆ ನಮ್ಮ ಮನೆಯ ಮರದ ಸೋಫಾಕ್ಕೆ "ಅಪ್ಪಟ ಹತ್ತಿ" ಎಂದು ಒಂದು ಅಂಗಡಿಯವರು ಕೊಟ್ಟ ಹೂವಿನ ಬಟ್ಟೆ ಹಾಕಿಸಿದೆ. ಹತ್ತಿ ಎಂಬುದೇನೋ ನಿಜ. ಆದರೆ ಅದು ಪರದೆಗೆ ಹೊಲಿಸಬೇಕಾದ ತೆಳು ಬಟ್ಟೆ. ಮೊದಲನೆಯ ಒಗೆತಕ್ಕೆ ಗವಸು ಎರಡು ಬೆರಳು ಕುಗ್ಗಿ ದಿಂಬಿಗೆ ಏರದಾಯಿತು. ಎಳೆದು ಏರಿಸಿದೆವು. ಎರಡನೆಯ ವರ್ಷ ಹೊಲಿಗೆಯ ಪಕ್ಕದಲ್ಲಿ ಎಳೆಗಳು ಸರಿದು ಬಾಯಿ ಬಿಟ್ಟಿತು. ದರ್ಜಿಯ ದೋಷವೆಂದು ಅವನಿಗೆ ನಾಲ್ಕು ಮಾತು ಅಂದೆ. ಪಾಪ, ತಪ್ಪು ಅವನದಾಗಿರಲಿಲ್ಲ. ಹತ್ತಿ ಎಂಬ ಒಂದೇ ಮಾತಿಗೆ ಮರುಳಾದ ತಪ್ಪು ನನ್ನದು.

ಆದ್ದರಿಂದ ದೊಡ್ಡಆಲಹಳ್ಳಿಯ ಆ ತಂಗಿಗೆ ನಾನು ಕೊಟ್ಟ ಮೊದಲ ಉತ್ತರ ಇಷ್ಟೆ: ಸಾವಯವ ಎನ್ನುವುದು ಹತ್ತಿಯನ್ನು ಬೆಳೆದ ರೀತಿ. ಬಾಳಿಕೆ ಎನ್ನುವುದು ನೂಲು ಮತ್ತು ನೇಯ್ಗೆಯ ಗುಣ. ಒಂದು ಇದ್ದರೆ ಇನ್ನೊಂದು ಇದೆಯೆಂದು ಅರ್ಥವಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಬಾಳಿಕೆಯನ್ನು ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಡ. ಗಿರಣಿಗಳಲ್ಲಿ ಬಟ್ಟೆಯನ್ನು ಉಜ್ಜಿ ಉಜ್ಜಿ ಎಷ್ಟು ಸಲಕ್ಕೆ ಎಳೆ ಹರಿಯುತ್ತದೆ ಎಂದು ಎಣಿಸುವ ಮಾರ್ಟಿಂಡೇಲ್ ಯಂತ್ರ ಇರುತ್ತದೆ. ದಿನವೂ ಕೂರುವ ಸೋಫಾದ ಬಟ್ಟೆ 20,000 ಉಜ್ಜುಗಳನ್ನಾದರೂ ತಾಳಬೇಕೆಂಬುದು ರೂಢಿಯ ಲೆಕ್ಕ. ಅಂಗಡಿಯವರಿಗೆ ಈ ಸಂಖ್ಯೆ ಗೊತ್ತಿದ್ದರೆ ಹೇಳಲಿ. ಗೊತ್ತಿಲ್ಲದಿದ್ದರೆ ನಮ್ಮ ಕೈ, ಕಣ್ಣು ಸಾಕು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ತುಂಡನ್ನು ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಮೂರು ಗ್ರಾಂ ತೂಗಿದರೆ ಆ ಬಟ್ಟೆ ಚದರ ಮೀಟರಿಗೆ 300 ಗ್ರಾಂ ಎಂದಾಯಿತು. ಸೋಫಾಕ್ಕೆ ಅದಕ್ಕಿಂತ ಕಡಿಮೆ ಬೇಡ. ಎರಡು ಗ್ರಾಂ ಅಂದರೆ ಅದು ಅಂಗಿ, ಪರದೆಯ ಬಟ್ಟೆ. ನನಗೆ ಸಿಕ್ಕಿದ್ದು ಅದೇ.

ಅನಂತರ ತುಂಡನ್ನು ಬಿಸಿಲಿಗೆ ಹಿಡಿದು ನೋಡಿ. ಜರಡಿಯಂತೆ ಬೆಳಕು ಕಂಡರೆ ನೇಯ್ಗೆ ಸಡಿಲ. ಹೆಬ್ಬೆರಳ ಉಗುರಿನಿಂದ ಅಡ್ಡಕ್ಕೆ ಗೀರಿ ನೋಡಿ. ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ನಾಳೆ ಹೊಲಿಗೆಯ ಹತ್ತಿರವೂ ಅದೇ ಗತಿ. ಅಂಚಿನಿಂದ ಒಂದು ಹಾಸಿನ ಎಳೆ, ಒಂದು ಹೊಕ್ಕಿನ ಎಳೆ ಬಿಡಿಸಿಕೊಳ್ಳಿ. ತಿರುವನ್ನು ಬಿಚ್ಚಿದಾಗ ಎರಡು ಎಳೆ ಸೇರಿಸಿ ಹುರಿ ಹಾಕಿದ್ದು ಕಂಡರೆ ಒಳ್ಳೆಯದು. ಒಂಟಿ ಎಳೆಯ ನೂಲು ಬೇಗ ತೇಯುತ್ತದೆ. ಇದೇ ಎರಡು ಎಳೆಗಳನ್ನು ಬೇರೆ ಬೇರೆಯಾಗಿ ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಆದರೆ ಮುದುರಿ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು ಹತ್ತಿ, ಹೊಕ್ಕು ಪಾಲಿಯೆಸ್ಟರ್ ಇಟ್ಟು "ಕಾಟನ್" ಎಂದು ಮಾರುವುದು ಹೊಸದಲ್ಲ. ಒಂದೇ ಎಳೆ ಸುಟ್ಟು ನೋಡಿದರೆ ಇದು ತಿಳಿಯುವುದಿಲ್ಲ.

ಕೊನೆಯದಾಗಿ ನೀರು. ಇಪ್ಪತ್ತು ಸೆಂಟಿಮೀಟರ್ ಚೌಕದ ತುಂಡನ್ನು ಅಳೆದು, ಮನೆಯ ಬಟ್ಟೆಗಳ ಜೊತೆಗೆ ಒಗೆದು, ಬಿಸಿಲಲ್ಲಿ ಒಣಗಿಸಿ ಮತ್ತೆ ಅಳೆಯಿರಿ. ಒಂದು ಸೆಂಟಿಮೀಟರಿಗಿಂತ ಹೆಚ್ಚು ಕುಗ್ಗಿದರೆ ಬಿಟ್ಟುಬಿಡಿ. ಅದಕ್ಕೂ ಕಡಿಮೆಯಾದರೆ, ಹೊಲಿಸುವ ಮೊದಲು ಇಡೀ ಬಟ್ಟೆಯನ್ನು ಒಮ್ಮೆ ನೆನೆಸಿ ಒಣಗಿಸಿಕೊಳ್ಳಿ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ತಿಕ್ಕಿ ಬಣ್ಣ ಹತ್ತುತ್ತದೆಯೇ ಎಂಬುದನ್ನೂ ನೋಡಿ.

ಇವೆಲ್ಲಕ್ಕಿಂತ ಮುಖ್ಯವಾದ ಮಾತು, ಬಟ್ಟೆಯನ್ನು ಸೋಫಾಕ್ಕೆ ಮೊಳೆ ಹೊಡೆದು ಕೂರಿಸಬೇಡಿ. ದಿಂಬಿಗೆ ಗವಸು ಹೊಲಿಸುವ ಹಾಗೆ ಜಿಪ್ ಇಟ್ಟು ಹೊಲಿಸಿ. ನಮ್ಮ ಮನೆಗಳಲ್ಲಿ ಹೊಲದ ಕೆಮ್ಮಣ್ಣು, ರಾಗಿಯ ಧೂಳು, ಮಕ್ಕಳ ಕಾಲು, ತಲೆಯ ಎಣ್ಣೆ, ಒಮ್ಮೊಮ್ಮೆ ಕೋಳಿಯ ಸವಾರಿ ಎಲ್ಲವೂ ಸೋಫಾದ ಮೇಲೆಯೇ. ತೆಗೆದು ಒಗೆಯಲು ಬಾರದ ಬಟ್ಟೆ ಎಷ್ಟೇ ಗಟ್ಟಿಯಾದರೂ ಕೊಳೆತು ಸಾಯುತ್ತದೆ. ರೇಷ್ಮೆ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಹಣ್ಣಾದ ಹುಳು ಗೂಡು ಕಟ್ಟಿದ ಮೇಲೆ ಮನೆ ತೊಳೆದು ಬ್ಲೀಚಿಂಗ್ ಪುಡಿಯ ದ್ರಾವಣ ಹೊಡೆಯುತ್ತೀರಲ್ಲ, ಆ ದಿನ ಗವಸುಗಳನ್ನು ಬಿಚ್ಚಿ ದೂರ ಇಡಿ. ಬ್ಲೀಚಿಂಗ್ ಪುಡಿ ಹತ್ತಿಯ ಬಣ್ಣವನ್ನಷ್ಟೇ ಅಲ್ಲ, ಎಳೆಯ ಶಕ್ತಿಯನ್ನೂ ತಿನ್ನುತ್ತದೆ.

ಬೆಲೆಯ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಎಂಟು ಮೀಟರ್ ಬಟ್ಟೆ ಬೇಕೆಂದಿಟ್ಟುಕೊಳ್ಳಿ. ಮೀಟರಿಗೆ 200 ರೂಪಾಯಿಯ ಬಟ್ಟೆ ಎರಡು ವರ್ಷ ಬಂದರೆ ವರ್ಷಕ್ಕೆ 800 ರೂಪಾಯಿ ಬಿತ್ತು. 500 ರೂಪಾಯಿಯ ಬಟ್ಟೆ ಎಂಟು ವರ್ಷ ಬಂದರೆ ವರ್ಷಕ್ಕೆ 500. ನಾಲ್ಕು ಸಲ ಕೊಡಬೇಕಾದ ಹೊಲಿಗೆ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಎತ್ತು ಕೊಳ್ಳುವಾಗ ಹಲ್ಲು ನೋಡಿ ಎಷ್ಟು ವರ್ಷ ದುಡಿಯುತ್ತದೆ ಎಂದು ಲೆಕ್ಕ ಹಾಕುವ ನಾವು ಬಟ್ಟೆ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತೇವೆ.

ಇನ್ನು ಸಾವಯವದ ಮಾತು. ರೇಷ್ಮೆ ಸಾಕುವವರಿಗೆ ವಿಷವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆದಾಗ ಗಾಳಿ ಇತ್ತ ಬೀಸಿತೆಂದರೆ, ಆ ಸೊಪ್ಪು ತಿಂದ ಹುಳು ಬಾಯಿಂದ ರಸ ಕಾರಿ ತಟ್ಟೆಯಲ್ಲೇ ಸಾಯುತ್ತದೆ. ನಾಲ್ಕನೆಯ ಜ್ವರ ಎದ್ದ ಹುಳು ಹಾಗೆ ಹೋದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಒಯ್ಯಲು ಏನೂ ಉಳಿಯುವುದಿಲ್ಲ. ಹತ್ತಿಯ ಹೊಲದಲ್ಲಿ ಈ ಸಾಕ್ಷಿ ಹೇಳಲು ರೇಷ್ಮೆ ಹುಳು ಇಲ್ಲ. ಅಲ್ಲಿ ಮನುಷ್ಯರೇ ಸಾಕ್ಷಿಯಾಗಬೇಕಾಯಿತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದ ರೈತರೂ ಕೂಲಿಗಳೂ ಅದರ ಗಾಳಿ ಕುಡಿದು ಆಸ್ಪತ್ರೆ ಸೇರಿದರು. 20ಕ್ಕೂ ಹೆಚ್ಚು ಜನ ಸತ್ತರು. ಬಿ.ಟಿ. ಹತ್ತಿಗೆ 2002ರಲ್ಲಿ ಒಪ್ಪಿಗೆ ಕೊಟ್ಟಾಗ ಔಷಧಿಯ ಖರ್ಚು ಇಳಿಯುತ್ತದೆ ಎಂದಿದ್ದರು. ಕೆಲವು ವರ್ಷ ಇಳಿಯಿತು ಕೂಡ. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷವನ್ನೂ ಅರಗಿಸಿಕೊಂಡಿತು. ರಸ ಹೀರುವ ಹುಳುಗಳಿಗಂತೂ ಬಿ.ಟಿ. ಮೊದಲಿನಿಂದಲೂ ಲೆಕ್ಕಕ್ಕಿಲ್ಲ.

ಸಾವಯವ ಹತ್ತಿಗೆ ಬಿ.ಟಿ. ಬೀಜ ಬಳಸುವಂತಿಲ್ಲ. ವಾರ್ಷಿಕ ಬೆಳೆಯಾದರೆ ಬಿತ್ತನೆಗೆ ಮುಂಚೆ ಎರಡು ವರ್ಷವಾದರೂ ಹೊಲವನ್ನು ರಾಸಾಯನಿಕದಿಂದ ದೂರ ಇಟ್ಟು ಪರಿವರ್ತಿಸಬೇಕೆಂಬುದು ನಮ್ಮ ದೇಶದ ಸಾವಯವ ಪ್ರಮಾಣೀಕರಣದ ನಿಯಮ. ಇಲ್ಲೇ ಬೀಜದ ಪ್ರಶ್ನೆ ಏಳುತ್ತದೆ. ದೇಶದಲ್ಲಿ ಹತ್ತಿ ಬೆಳೆಯುವ ನೆಲದ ಬಹುಪಾಲು ಈಗ ಬಿ.ಟಿ. ಸಂಕರ ತಳಿಗಳದು. ಬಿ.ಟಿ. ಅಲ್ಲದ ಒಳ್ಳೆಯ ಬೀಜ ಎಲ್ಲಿಂದ ತರುವುದು?

ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಉತ್ತರ ನಮ್ಮ ಧಾರವಾಡ, ಗದಗ ಸೀಮೆಯ ಎರೆ ನೆಲದಲ್ಲಿಯೇ ಇದೆ. ಜಯಧರ ಎಂಬ ದೇಶಿ ಹತ್ತಿ ಅಲ್ಲಿ ಮಳೆಯಾಶ್ರಯದಲ್ಲಿ ಬೆಳೆದು ಬಂದ ತಳಿ. ಬರ ತಾಳುತ್ತದೆ, ರಸ ಹೀರುವ ಹುಳುಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಔಷಧಿ ಅಷ್ಟಾಗಿ ಬೇಡುವುದಿಲ್ಲ. ಮತ್ತೇಕೆ ಅದು ಹಿಂದೆ ಸರಿಯಿತು? ಅದರ ಎಳೆ ಗಿಡ್ಡ, ಒರಟು. ಗಿರಣಿಗಳಿಗೆ ನುಣುಪಾದ ಅಂಗಿ, ಸೀರೆಯ ಬಟ್ಟೆಗೆ ಉದ್ದ ಎಳೆ ಬೇಕಿತ್ತು. 1970ರಲ್ಲಿ ಗುಜರಾತಿನ ಸೂರತ್‌ನಿಂದ ಎಚ್-4 ಬಂದಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿಯವರು ವರಲಕ್ಷ್ಮಿ ಸಂಕರ ಹತ್ತಿಯನ್ನು ಕೊಟ್ಟರು. ಅದರ ಹಿಂದೆಯೇ ಡಿ.ಸಿ.ಎಚ್.-32 ಬಂದಿತು. ಅವು ಹೆಮ್ಮೆಪಡಬೇಕಾದ ಸಾಧನೆಗಳೇ, ಅದರಲ್ಲಿ ಎರಡು ಮಾತಿಲ್ಲ. ನೀರು, ಗೊಬ್ಬರ ಇದ್ದ ರೈತರ ಕೈಗೆ ಹಣ ಬಂದಿತು. ಆದರೆ ಆ ತಳಿಗಳಿಗೆ ಹುಳುವೂ ಹೆಚ್ಚು, ಔಷಧಿಯೂ ಹೆಚ್ಚು.

ಈಗ ಸೋಫಾಕ್ಕೆ ಬರೋಣ. ಕೂರುವ ಬಟ್ಟೆಗೆ ಉದ್ದ ಎಳೆಯ ನುಣುಪು ನೂಲು ಯಾಕೆ ಬೇಕು? ಅದಕ್ಕೆ ಬೇಕಾದದ್ದು ದಪ್ಪ ನೂಲು, ಬಿಗಿ ಹುರಿ, ಒತ್ತಾದ ನೇಯ್ಗೆ. ಗಿಡ್ಡ ಎಳೆಯ ಒರಟು ಹತ್ತಿ ದಪ್ಪ ನೂಲಿಗೆ ಒಗ್ಗುವಂತಹುದೇ. ಅಂಗಿಗೆ ಆಗದೆಂದು ಗಿರಣಿಯವರು ಬಿಟ್ಟ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಾವಯವ ಹತ್ತಿಯ ಬಟ್ಟೆ ಎಂದು ಹೇಳಿ ಉದ್ದ ಎಳೆಯ ದುಬಾರಿ ಹತ್ತಿಯನ್ನು ಸೋಫಾಕ್ಕೆ ಹೊದಿಸುವುದು, ಸೋನಾಮಸೂರಿಯನ್ನು ಬೀಸಿ ಕೋಳಿಗೆ ಹಾಕಿದ ಹಾಗೆ. ಸೋಫಾ, ಜಮಖಾನ, ಹಾಸಿಗೆಯ ಹೊದಿಕೆ ಇವೆಲ್ಲಕ್ಕೂ ದೇಶಿ ಹತ್ತಿಯ ದಪ್ಪ ಬಟ್ಟೆ ಬೇಕೆಂದು ಕೊಳ್ಳುವವರು ಕೇಳತೊಡಗಿದರೆ, ಜಯಧರ ಬಿತ್ತುವ ರೈತನಿಗೆ ಒಂದು ಮಾರುಕಟ್ಟೆ ಸಿಗುತ್ತದೆ. ಇಳುವರಿ ಕಡಿಮೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಖರ್ಚೂ ಕಡಿಮೆ. ಆದರೂ ಬೆಲೆಯಲ್ಲಿ ಸ್ವಲ್ಪ ಹೆಚ್ಚು ಸಿಗದೆ ಅವನು ಆ ಬೆಳೆಯಲ್ಲಿ ನಿಲ್ಲುವುದಿಲ್ಲ.

ಹಿಂದೆ ನಮ್ಮಲ್ಲಿ ಕೂರುವುದಕ್ಕೆ ಇದ್ದದ್ದೆಲ್ಲ ಇಂಥ ದಪ್ಪ ಹತ್ತಿಯೇ ಅಲ್ಲವೇ? ಆರಾಮ ಕುರ್ಚಿಯ ಪಟ್ಟೆ ಬಟ್ಟೆ, ಮಂಚದ ನವಾರು, ಮದುವೆ ಮನೆಯ ಜಮಖಾನ. ನವಾರು ಸಡಿಲವಾದರೆ ಎಳೆದು ಕಟ್ಟುತ್ತಿದ್ದೆವು, ಎಸೆಯುತ್ತಿರಲಿಲ್ಲ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುವ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ನೇಯುವ ಕೈಗಳು ಮಾತ್ರ ಬೆರಳೆಣಿಕೆಗೆ ಬಂದಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘವಿದೆ. ಕಂಬದ ಕಡೆಯ ಅಂಚಿಗೆ ಹಾಕುವ ದಪ್ಪ ಖಾದಿ ಎಷ್ಟು ಬಿಗಿಯಾಗಿರುತ್ತದೆ ಎಂದರೆ, ವರ್ಷವಿಡೀ ಗಾಳಿ ಎಳೆದಾಡಿದರೂ ಸೀಳಬಾರದು. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ತಿದ್ದುಪಡಿ ತಂದು ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಅಂಥ ನೇಕಾರರಿಗೆ ಬೇರೆ ಗಿರಾಕಿಗಳ ಅಗತ್ಯ ಹೆಚ್ಚಿದೆ. ಅಂಥ ಕೈಗಳು ಸೋಫಾಕ್ಕೆ ಬಟ್ಟೆ ನೇಯಲಾರವೇ?

ಹೊಲ ಶುದ್ಧವಾದ ಮಾತ್ರಕ್ಕೆ ಬಟ್ಟೆ ಶುದ್ಧವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಬಣ್ಣದ ನೀರು ಎಲ್ಲಿಗೆ ಹೋಯಿತು? ಬೆಂಗಳೂರಿನ ಕೊಳಕನ್ನೆಲ್ಲ ಹೊತ್ತು ವೃಷಭಾವತಿ ಬೈರಮಂಗಲದ ಕೆರೆಗೆ ಬಂದು, ಅಲ್ಲಿಂದ ಅರ್ಕಾವತಿಯನ್ನು ಸೇರುವುದನ್ನು ಈ ಭಾಗದ ರೈತರು ದಿನವೂ ನೋಡುತ್ತಾರೆ. ಆ ಅರ್ಕಾವತಿಯನ್ನು ಸಂಗಮದಲ್ಲಿ ಕೂಡಿಸಿಕೊಂಡ ಕಾವೇರಿಗೆ ತಮಿಳುನಾಡಿನಲ್ಲಿ ನೊಯ್ಯಲ್ ನದಿ ಬಂದು ಸೇರುತ್ತದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರು ಆ ನದಿಗೆ ಹರಿದು, ನೀರಾವರಿಗೆಂದು ಕಟ್ಟಿದ ಒರತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಗುಂಡಿಯಾಯಿತು. ಕೆಳಗಿನ ರೈತರ ಹೊಲ, ಬಾವಿಗಳು ಕೆಟ್ಟವು. ರೈತರೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣ ಹಾಗೂ ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಲು ಆಜ್ಞೆ ಮಾಡಬೇಕಾಯಿತು. ನಮ್ಮ ಸೋಫಾದ ಕಡುಗೆಂಪು ಬಣ್ಣಕ್ಕೆ ಇನ್ನಾರದೋ ತೆಂಗಿನ ತೋಟ ಬೆಲೆ ತೆತ್ತಿರಬಹುದು.

ಬಣ್ಣವೇ ಹಾಕದ, ಹತ್ತಿಯ ಸಹಜ ಕೆನೆ ಬಣ್ಣದ ಬಟ್ಟೆ ಎಲ್ಲಕ್ಕಿಂತ ಮೇಲು. ಕೊಳೆ ಬೇಗ ಕಾಣುತ್ತದೆ ಎನ್ನುವಿರಿ. ಕಾಣಲಿ, ಕಂಡರೆ ತಾನೇ ಒಗೆಯುವುದು! ಬಣ್ಣ ಬೇಕೆಂದರೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆಯ ಚೊಗರಿನಿಂದ ಕಂದು ಕೆಂಪು ತೆಗೆಯುವ ವಿದ್ಯೆಯನ್ನು ಬೆಳೆಸಿದ್ದಾರೆ. ಮಲೆನಾಡಿನವರು ಅಡಿಕೆ ಬೇಯಿಸಿ ಉಳಿದ ಚೊಗರು ಬಟ್ಟೆಗೆ ಬಣ್ಣವಾಯಿತು. ನೀಲಿಯೂ ಹಳೆಯದೇ. ಆದರೆ ಸಸ್ಯದ ಬಣ್ಣ ಎಂದ ಕೂಡಲೇ ಕಣ್ಣು ಮುಚ್ಚಿ ಕೊಳ್ಳಬೇಡಿ. ಬಣ್ಣ ಹಿಡಿಸಲು ಪಟಿಕ, ಕಬ್ಬಿಣ ಬಳಸಿದರೆ ಚಿಂತೆಯಿಲ್ಲ. ಕ್ರೋಮಿಯಂ ಲವಣ, ಮೈಲುತುತ್ತ ಬಳಸಿದ್ದರೆ ಅದೂ ವಿಷದ ನೀರೇ. ಅರಿಸಿನದ ಹಳದಿ ಕಿಟಕಿಯ ಬಿಸಿಲಿಗೆ ನಿಲ್ಲುವುದೂ ಇಲ್ಲ.

ಚೀಟಿಯನ್ನು ಎಷ್ಟು ನಂಬಬಹುದು? ಜಾಗತಿಕ ಸಾವಯವ ಜವಳಿ ಮಾನದಂಡ, ಅಂದರೆ ಜಿ.ಒ.ಟಿ.ಎಸ್. ಎಂಬ ಗುರುತು ಹೊಲವನ್ನಷ್ಟೇ ಅಲ್ಲ, ಬಣ್ಣ, ನೀರು, ಕೂಲಿಯವರ ಸ್ಥಿತಿಯನ್ನೂ ನೋಡುತ್ತದೆ. ಅದರಲ್ಲಿ "ಸಾವಯವ" ಎಂದು ಬರೆಯಲು ನೂರಕ್ಕೆ 95 ಭಾಗ ಸಾವಯವ ಎಳೆ ಇರಬೇಕು; "ಸಾವಯವ ಎಳೆಯಿಂದ ಮಾಡಿದ್ದು" ಎನ್ನಲು 70 ಭಾಗ ಸಾಕು. ಆದರೆ ಇದೇ ಸಂಸ್ಥೆ 2020ರಲ್ಲಿ ಭಾರತದಲ್ಲಿ ಸುಳ್ಳು ಪ್ರಮಾಣಪತ್ರಗಳ ದೊಡ್ಡ ಜಾಲವನ್ನೇ ಬಯಲಿಗೆಳೆಯಿತು. ಸುಮಾರು 20,000 ಟನ್ ಹತ್ತಿ ಸಾವಯವದ ಹೆಸರಿನಲ್ಲಿ ಸುಳ್ಳು ಕಾಗದದ ಮೇಲೆ ಓಡಾಡಿತ್ತು ಎಂಬುದು ಅವರ ಅಂದಾಜು. ಆದ್ದರಿಂದ "ಪರಿಸರಸ್ನೇಹಿ" ಎಂಬ ಬರಿಯ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಪ್ರಮಾಣಪತ್ರದ ಸಂಖ್ಯೆ ಕೇಳಿ, ಮನೆಯಲ್ಲಿ ಓದಿದ ಮಕ್ಕಳಿಂದ ಹುಡುಕಿಸಿ. ಸಂಖ್ಯೆಯಿಲ್ಲದ ಚೀಟಿಗಿಂತ, ಯಾವ ಊರಿನ ಹತ್ತಿ, ಯಾರು ನೇಯ್ದದ್ದು ಎಂದು ಹೇಳಬಲ್ಲ ನೇಕಾರರ ಸಂಘದ ಮಾತು ಮೇಲು.

ಒಂದು ಮನೆಗೆ ಎಂಟು ಮೀಟರ್ ನೇಯ್ದು ಕೊಡಿ ಎಂದರೆ ಯಾವ ನೇಕಾರರೂ ಮಗ್ಗ ಹೂಡುವುದಿಲ್ಲ. ಹಾಸು ಹೂಡುವ ಶ್ರಮಕ್ಕೂ ಅದು ಸಾಲದು. ಹತ್ತು ಮನೆಯವರು, ಅಥವಾ ಒಂದು ಸ್ತ್ರೀಶಕ್ತಿ ಸಂಘ ಒಟ್ಟಾಗಿ ಒಂದೇ ಬಗೆಯ ಬಟ್ಟೆ ಕೇಳಿದರೆ ಮಾತು ಬೇರೆ. ಎಲ್ಲರ ಮನೆಯ ಸೋಫಾ ಒಂದೇ ಬಣ್ಣದ್ದಾದರೆ ಏನು ನಷ್ಟ? ಹಾಲಿನ ಕ್ಯಾನುಗಳೆಲ್ಲ ಒಂದೇ ಬಣ್ಣ ಎಂದು ಯಾರಾದರೂ ಕೊರಗಿದ್ದುಂಟೇ?

ದೊಡ್ಡಆಲಹಳ್ಳಿಯ ಸೊಸೆ ಎರಡು ವಾರದ ಮೇಲೆ ಫೋನ್ ಮಾಡಿದ್ದರು. ಅಂಗಡಿಯಿಂದ ಇನ್ನೊಂದು ದೊಡ್ಡ ತುಂಡು ತರಿಸಿ ಒಗೆದು ನೋಡಿದರಂತೆ. ಇಪ್ಪತ್ತು ಸೆಂಟಿಮೀಟರ್ ಇದ್ದದ್ದು ಹದಿನೆಂಟೂವರೆಗೆ ಬಂದಿದೆ. ಪ್ರಮಾಣಪತ್ರದ ಸಂಖ್ಯೆ ಕೇಳಿದ್ದಕ್ಕೆ ಅಂಗಡಿಯವರು ಮಾತು ಬದಲಿಸಿದ್ದಾರೆ. ಆ ಬಟ್ಟೆ ಬೇಡವೆಂದು ಬಿಟ್ಟು, ತಮ್ಮ ಸಂಘದ ಸಭೆಯಲ್ಲಿ ಮಾತೆತ್ತಿದ್ದಾರೆ. ಆರು ಮನೆಯವರು ಒಪ್ಪಿದ್ದಾರೆ, ಇನ್ನು ನಾಲ್ಕು ಮನೆ ಬೇಕು. ಯಾವ ಸಂಘಕ್ಕೆ ಬರೆಯಬೇಕೆಂದು ಕೇಳಿದರು, ಎರಡು ವಿಳಾಸ ಕೊಟ್ಟಿದ್ದೇನೆ. ಫೋನ್ ಇಡುವ ಮೊದಲು ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು. ಬಟ್ಟೆ ಬಂದರೆ ಮೊದಲು ಒಂದೂವರೆ ಮೀಟರ್ ಅಟ್ಟದ ಮೇಲಿನ ಕುರ್ಚಿಗೆ, ಉಳಿದದ್ದು ಸೋಫಾಕ್ಕಂತೆ.